ಜೀವಕೋಶದ ಬೀಗಕ್ಕೆ ಎಷ್ಟು ಬೆಲೆ?

ಸ್ತನದಲ್ಲಿ ಸಿಕ್ಕಿದ ಗಂಟಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದ ಮೇಲೆ ಬರುವ ಕಾಗದವನ್ನು ನೀವು ಎಂದಾದರೂ ನೋಡಿದ್ದೀರಾ? ಅಂಥ ಪ್ರಸಂಗ ಯಾರಿಗೂ ಬಾರದಿರಲಿ. ಆದರೆ ಅಕ್ಕನಿಗೋ ಓರಗಿತ್ತಿಗೋ ಬಂದಾಗ ಅದರಲ್ಲಿ ಇ.ಆರ್., ಪಿ.ಆರ್., ಹರ್-ಟು ಎಂಬ ಮೂರು ಹೆಸರು, ಅವುಗಳ ಮುಂದೆ ಪಾಸಿಟಿವ್ ಅಥವಾ ನೆಗೆಟಿವ್ ಎಂದು ಬರೆದಿರುತ್ತದೆ. 'ಅದೆಲ್ಲ ಡಾಕ್ಟರಿಗೆ ಸೇರಿದ್ದು, ನಮಗ್ಯಾಕೆ' ಅಂತ ಮಡಚಿ ಚೀಲಕ್ಕೆ ಹಾಕಿಬಿಡುತ್ತೇವೆ. ಸ್ವಲ್ಪ ತಾಳಿ. ಯಾವ ಔಷಧಿ, ಎಷ್ಟು ಕಾಲ, ಎಷ್ಟು ಖರ್ಚು ಎಂಬುದು ಬಹುಮಟ್ಟಿಗೆ ನಿಂತಿರುವುದು ಆ ಮೂರು ಸಾಲಿನ ಮೇಲೇ.

ಇವು ರಿಸೆಪ್ಟರುಗಳು. ಕನ್ನಡದಲ್ಲಿ 'ಗ್ರಾಹಕ' ಎನ್ನುತ್ತಾರೆ. ಅಂಗಡಿಗೆ ಬರುವ ಗಿರಾಕಿಗೂ ಅದೇ ಹೆಸರು ನೋಡಿ! ಜೀವಕೋಶದಲ್ಲಿರುವ ಬೀಗಗಳು ಇವು ಎಂದುಕೊಳ್ಳಿ. ಈಸ್ಟ್ರೋಜನ್ ಎಂಬ ಹಾರ್ಮೋನು ಇ.ಆರ್. ಬೀಗದ ಕೈ. ಅದು ಹೊಕ್ಕು ತಿರುಗಿದರೆ ಕೋಶ ಬೆಳೆಯುತ್ತದೆ, ಇ.ಆರ್. ಪಾಸಿಟಿವ್ ಗಂಟು ಬೆಳೆಯುವುದೂ ಹೀಗೆಯೇ. ಹೊಗುವ ಆದರೆ ತಿರುಗದ ಕೈಯೊಂದನ್ನು ಬೀಗದೊಳಗೆ ಸಿಕ್ಕಿಸಿಬಿಟ್ಟರೆ? ಟಮಾಕ್ಸಿಫೆನ್ ಮಾತ್ರೆ ಮಾಡುವುದು ಇಷ್ಟೇ.

ಇದನ್ನು 1960ರ ದಶಕದಲ್ಲಿ ಇಂಗ್ಲೆಂಡಿನ ಐ.ಸಿ.ಐ. ಕಂಪನಿಯಲ್ಲಿ ತಯಾರಿಸಿದ ರಸಾಯನಶಾಸ್ತ್ರಜ್ಞೆ ಡೋರಾ ರಿಚರ್ಡ್‌ಸನ್. ಕಂಪನಿಗೆ ಬೇಕಾಗಿದ್ದದ್ದು ಗರ್ಭನಿರೋಧಕ. ಇಲಿಗಳಲ್ಲಿ ಅದು ಫಲಿಸಿತು, ಹೆಂಗಸರಲ್ಲಿ ಮಾತ್ರ ತದ್ವಿರುದ್ಧ! ಬಳಿಕ ಮ್ಯಾಂಚೆಸ್ಟರಿನ ಕ್ರಿಸ್ಟಿ ಆಸ್ಪತ್ರೆಯಲ್ಲಿ ಡಾ. ಮೇರಿ ಕೋಲ್ ಮತ್ತು ಸಂಗಡಿಗರು ರೋಗ ಮುಂದುವರಿದಿದ್ದ 46 ಹೆಂಗಸರಿಗೆ ಇದನ್ನು ಕೊಟ್ಟರು. ಹತ್ತು ಮಂದಿಗೆ ಗುಣ ಕಂಡಿತೆಂದು 1971ರಲ್ಲಿ ವರದಿ ಮಾಡಿದರು.

ಕಂಪನಿಯ ಲೆಕ್ಕದವರಿಗೆ ಉತ್ಸಾಹ ಬರಲಿಲ್ಲ. ಕೊನೆಯ ಹಂತದ ರೋಗಿಗಳು ಎಷ್ಟು ಮಾತ್ರೆ ಕೊಂಡಾರು? ಅಂತೂ 1973ರಲ್ಲಿ ಬ್ರಿಟನ್ನಿನ ಮಾರುಕಟ್ಟೆಗೆ ಬಂತು. ಆಪರೇಷನ್ ಆದವರು ವರ್ಷಗಟ್ಟಲೆ ನುಂಗಿದರೆ ರೋಗ ಮರುಕಳಿಸುವುದು ಕಡಿಮೆ ಎಂದು ಆಮೇಲೆ ತಿಳಿಯಿತು. ಐದು ವರ್ಷ, ದಿನವೂ ಒಂದು ಮಾತ್ರೆ: ಅಲ್ಲಿಗೆ ವ್ಯಾಪಾರ ಕುದುರಿತು. ಕ್ಯಾನ್ಸರ್ ಔಷಧಿಗಳಲ್ಲೇ ಅತಿ ಹೆಚ್ಚು ಮಾರಾಟವಾದವುಗಳಲ್ಲಿ ಇದೂ ಒಂದಾಯಿತು. ಪೇಟೆಂಟ್ ಮುಗಿದ ಈ ಮಾತ್ರೆ ಈಗ ಅಗ್ಗ.

ಹರ್-ಟು ಕಥೆ ಹಾಗಲ್ಲ. ಸುಮಾರು ಐದರಲ್ಲಿ ಒಂದು ಗಂಟಿನಲ್ಲಿ ಈ ಬೀಗ ಕೋಶದ ಹೊರಮೈ ಮೇಲೆ ಅತಿಯಾಗಿರುತ್ತದೆ. ಅದನ್ನು ಮುಚ್ಚುವ ಟ್ರಾಸ್ಟುಜುಮಾಬ್ ಇಂಜೆಕ್ಷನ್ನಿಗೆ ಅಮೆರಿಕದಲ್ಲಿ 1998ರಲ್ಲಿ ಒಪ್ಪಿಗೆ ಸಿಕ್ಕಿತು. ಹೆಸರು ಹರ್ಸೆಪ್ಟಿನ್. ಇದನ್ನು ಜೀವಂತ ಕೋಶಗಳಲ್ಲಿ ಬೆಳೆಸಬೇಕು. ಮಾತ್ರೆ ಅಚ್ಚು ಹಾಕಿದಂತಲ್ಲ. ಸಾಮಾನ್ಯವಾಗಿ ಮೂರು ವಾರಕ್ಕೊಮ್ಮೆ, ಒಂದು ವರ್ಷ. ಕಂಪನಿಗೆ ವರ್ಷಕ್ಕೆ ನೂರಾರು ಕೋಟಿ ಡಾಲರ್ ಬಂತು. ನಮ್ಮಲ್ಲಿ ಎಷ್ಟೋ ಮನೆಗಳಿಗೆ ಅದು ಎಟುಕಲೇ ಇಲ್ಲ.

2013ರಲ್ಲಿ ರೋಷ್ ಕಂಪನಿ ಭಾರತದ ಪೇಟೆಂಟನ್ನು ಕೈಬಿಟ್ಟಿತು. ಮರುವರ್ಷ ಬೆಂಗಳೂರಿನ ಬಯೋಕಾನ್ ಇದೇ ಬಗೆಯ ಔಷಧಿ ತಂದಿತು: 440 ಮಿಲಿಗ್ರಾಮಿನ ಬಾಟಲಿಗೆ 57,500 ರೂಪಾಯಿ, ಮೊದಲಿಗಿಂತ ಸುಮಾರು ಕಾಲು ಭಾಗ ಕಡಿಮೆ. ಕಡಿಮೆ ಅಂದರೂ ಮಾಂಗಲ್ಯದ ಸರ ಒತ್ತೆ ಇಡುವಷ್ಟು, ಅಲ್ಲವೇ? ಬೇರೆ ಕಂಪನಿಗಳೂ ಬಂದಿವೆ. ಆದ್ದರಿಂದ ಒಂದೇ ಚೀಟಿಯ ಬೆಲೆಗೆ ಹೆದರಿ ಕೂಡಬೇಡಿ. 'ಬಯೋಸಿಮಿಲರ್ ಇದೆಯೇ, ಸರ್ಕಾರದ ಯೋಜನೆಯಲ್ಲಿ ಸಿಗುತ್ತದೆಯೇ' ಎಂದು ಡಾಕ್ಟರನ್ನು ಬಾಯಿಬಿಟ್ಟು ಕೇಳಿ.

ಕಾಗದದಲ್ಲಿ ಹರ್-ಟು ಮುಂದೆ '2+' ಎಂದಿದ್ದರೆ ಅದು ಹೌದೂ ಅಲ್ಲ, ಇಲ್ಲವೂ ಅಲ್ಲ. ಫಿಶ್ ಎಂಬ ಇನ್ನೊಂದು ಪರೀಕ್ಷೆ ಬೇಕು. ಮೂರೂ ನೆಗೆಟಿವ್ ಇದ್ದರೆ ಈ ಎರಡು ಔಷಧಿಗಳೂ ಕೆಲಸಕ್ಕೆ ಬಾರವು, ಚಿಕಿತ್ಸೆಯ ದಾರಿಯೇ ಬೇರೆ. ಟಮಾಕ್ಸಿಫೆನ್ ನುಂಗುವವರಿಗೆ ಮೈ ಕಾವೇರಿ ಬೆವರುವುದುಂಟು. ಹಾಗಂತ ನೀವಾಗಿಯೇ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ. ಮುಟ್ಟು ನಿಂತವರಿಗೆ ಮತ್ತೆ ರಕ್ತ ಕಂಡರೆ ಮಾತ್ರ ಮುಂದಿನ ತಾರೀಖಿಗೆ ಕಾಯದೆ ತಕ್ಷಣ ಹೋಗಿ ತೋರಿಸಿ.