ಮೂಲೆ ಸೇರಿದ ಜಾವಾ ಮತ್ತೆ ರಸ್ತೆಗೆ

ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದು ಮೈಸೂರಿನ ಯಾದವಗಿರಿಯಲ್ಲಿ ನೆಲೆಗೊಂಡ ಐಡಿಯಲ್ ಜಾವಾ ಕಾರ್ಖಾನೆಯು 1960ರ ದಶಕದ ಆರಂಭದಿಂದ ಜಾವಾ ಹೆಸರಿನಲ್ಲಿಯೂ 1973ರಿಂದ ಯೆಜ್ಡಿ ಹೆಸರಿನಲ್ಲಿಯೂ ಮೋಟಾರ್‌ಸೈಕಲ್‌ಗಳನ್ನು ತಯಾರಿಸಿ 1996ರಲ್ಲಿ ಬಾಗಿಲು ಮುಚ್ಚಿತು. ಗೇರ್ ಹಾಕುವ ಕಡ್ಡಿಯನ್ನೇ ಒಳಕ್ಕೆ ಒತ್ತಿ ತಿರುಗಿಸಿದರೆ ಕಿಕ್ ಕಡ್ಡಿಯಾಗುವ ಈ ಗಾಡಿಗಳು ಇಂದಿಗೂ ಅನೇಕ ಮನೆಗಳ ಹಿತ್ತಿಲಿನಲ್ಲಿ, ಹಳ್ಳಿಯ ಕೊಟ್ಟಿಗೆಗಳಲ್ಲಿ ಧೂಳು ಹಿಡಿದು ನಿಂತಿವೆ. ಅವುಗಳಲ್ಲಿ ಹೆಚ್ಚಿನವನ್ನು ಮತ್ತೆ ಓಡಿಸಬಹುದಾದರೂ, ಹೊರಗೆಳೆದ ದಿನವೇ ಕಿಕ್ ಹೊಡೆದು ನೋಡುವ ಆತುರವು ವರ್ಷಗಳ ಮಳೆಗಾಳಿ ಮಾಡದ ಹಾನಿಯನ್ನು ಒಂದೇ ಕ್ಷಣದಲ್ಲಿ ಮಾಡಬಲ್ಲದು.

ಇದಕ್ಕೆ ಕಾರಣ ಎರಡು ಸ್ಟ್ರೋಕಿನ ಎಂಜಿನ್ನಿನ ರಚನೆಯಲ್ಲಿಯೇ ಇದೆ. ಈ ಬಗೆಯ ಎಂಜಿನ್ನಿನಲ್ಲಿ ಸಿಲಿಂಡರಿನ ಗೋಡೆಯಲ್ಲಿರುವ ಪೋರ್ಟುಗಳೆಂಬ ಕಿಂಡಿಗಳ ಮೂಲಕವೇ ಪೆಟ್ರೋಲಿನ ಮಿಶ್ರಣವು ಒಳಬಂದು ಹೊಗೆಯು ಹೊರಹೋಗುವುದರಿಂದ, ಪಿಸ್ಟನ್ ಯಾವ ಮಟ್ಟದಲ್ಲಿ ನಿಂತಿದೆಯೋ ಅದನ್ನವಲಂಬಿಸಿ ತೇವದ ಗಾಳಿಯು ಸೈಲೆನ್ಸರಿನ ದಾರಿಯಿಂದ ಸಿಲಿಂಡರಿನೊಳಕ್ಕೆ ನುಗ್ಗುತ್ತದೆ. ಆಗ ಪಿಸ್ಟನ್ನಿನ ರಿಂಗುಗಳು ತುಕ್ಕಿನಿಂದ ಗೋಡೆಗೆ ಕಚ್ಚಿಕೊಳ್ಳುತ್ತವೆ. ಮೆಕ್ಯಾನಿಕ್‌ಗಳು ಇದನ್ನೇ ಎಂಜಿನ್ ಜಾಮ್ ಆಗಿದೆ ಎನ್ನುತ್ತಾರೆ. ಅಂತಹ ಗಾಡಿಯ ಕಿಕ್ಕಿನ ಮೇಲೆ ಮೈಭಾರ ಹಾಕಿದರೆ ರಿಂಗ್ ಮುರಿದು ಬೋರಿನ ಮೇಲೆ ಗೀರು ಬೀಳುವ ಅಪಾಯವಿದೆ. ಪ್ಲಗ್ ಬಿಚ್ಚಿ, ಆ ರಂಧ್ರದಿಂದ ಡೀಸೆಲ್ ಮತ್ತು ಎಂಜಿನ್ ಆಯಿಲ್ ಬೆರೆಸಿ ಸುರಿದು, ಕೆಲವು ದಿನ ಹಾಗೆಯೇ ಬಿಟ್ಟು, ಆ ಬಳಿಕ ಗಾಡಿಯನ್ನು ಕೊನೆಯ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಕೈಯಿಂದ ಹಿಂದೆ ಮುಂದೆ ಮೆಲ್ಲನೆ ಅಲುಗಾಡಿಸುವುದೇ ಸರಿಯಾದ ಕ್ರಮ. ಆಗಲೂ ಬಿಡದಿದ್ದರೆ ಹೆಡ್ ಬಿಚ್ಚಿ ನೋಡಬೇಕೇ ಹೊರತು ಸುತ್ತಿಗೆಗೆ ಕೈ ಹಾಕಬಾರದು.

ಪಿಸ್ಟನ್ ಸಡಿಲವಾಯಿತೆಂದು ಸಮಾಧಾನಪಡುವವರು ಮರೆಯುವ ಭಾಗವೆಂದರೆ ಆಯಿಲ್ ಸೀಲ್, ಅಂದರೆ ಕ್ರ್ಯಾಂಕಿನ ಎರಡೂ ತುದಿಗಳಲ್ಲಿ ಗಾಳಿ ಸೋರದಂತೆ ಕೂರಿಸಿದ ರಬ್ಬರಿನ ಬಳೆಗಳು. ಇಂತಹ ಎಂಜಿನ್ನಿನಲ್ಲಿ ಮಿಶ್ರಣವು ಮೊದಲು ಪಿಸ್ಟನ್ನಿನ ಕೆಳಗಿನ ಕ್ರ್ಯಾಂಕ್ ಕೋಣೆಗೆ ಬಂದು, ಅಲ್ಲಿ ಒತ್ತಡಕ್ಕೊಳಗಾಗಿ ಆನಂತರ ಮೇಲೇರುವುದರಿಂದ ಆ ಕೋಣೆಯು ಬಿಗಿಯಾಗಿರಲೇಬೇಕು. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಸೀಲುಗಳು ಒಣಗಿ ಗಟ್ಟಿಯಾಗಿರುತ್ತವೆ: ಡೈನಮೋ ಕಡೆಯ ಸೀಲ್ ಹೋಗಿದ್ದರೆ ಹೊರಗಾಳಿ ಸೇರಿ ಮಿಶ್ರಣ ತೆಳುವಾಗಿ ಎಂಜಿನ್ ಮಿತಿಮೀರಿ ಕಾಯುತ್ತದೆ, ಕ್ಲಚ್ ಕಡೆಯದು ಹೋಗಿದ್ದರೆ ಗೇರ್ ಆಯಿಲ್ ಒಳಕ್ಕೆ ಎಳೆಯಲ್ಪಟ್ಟು ಸೈಲೆನ್ಸರಿನಿಂದ ದಟ್ಟ ಬಿಳಿಹೊಗೆ ಬರುತ್ತದೆ. ಸೀಲಿನ ಬೆಲೆ ಅಲ್ಪವಾದರೂ ಅದನ್ನು ಬದಲಿಸಲು ಎಂಜಿನ್ ಬಿಚ್ಚಬೇಕಾಗಬಹುದಾದ್ದರಿಂದ ಅನೇಕರು ಈ ಕೆಲಸವನ್ನು ಮುಂದೂಡುತ್ತಾರೆ, ಅದೇ ಮುಂದೆ ದೊಡ್ಡ ಖರ್ಚಿಗೆ ದಾರಿಯಾಗುತ್ತದೆ.

ಟ್ಯಾಂಕಿನಲ್ಲಿ ಉಳಿದ ಹಳೆಯ ಪೆಟ್ರೋಲ್ ಆವಿಯಾಗುತ್ತಾ ಅಂಟಿನಂತಹ ಪದಾರ್ಥವನ್ನು ಬಿಟ್ಟುಹೋಗುತ್ತದೆ, ಮತ್ತು ಅದು ಕಾರ್ಬುರೇಟರಿನ ಜೆಟ್ ಎಂಬ ಕೂದಲೆಳೆಯ ರಂಧ್ರವನ್ನು ಮುಚ್ಚಿಬಿಡುತ್ತದೆ. ಟ್ಯಾಂಕಿನೊಳಗಿನ ತುಕ್ಕನ್ನು ಚಿಕ್ಕ ನಟ್ಟುಗಳನ್ನು ಹಾಕಿ ಕುಲುಕಿ ಉದುರಿಸಬಹುದು. ತೂತು ಬಿದ್ದಿದ್ದರೆ ಮಾತ್ರ, ಖಾಲಿ ಟ್ಯಾಂಕಿನಲ್ಲಿಯೂ ಪೆಟ್ರೋಲಿನ ಆವಿ ಉಳಿದಿರುತ್ತದೆಯಾದ್ದರಿಂದ, ಚೆನ್ನಾಗಿ ತೊಳೆಯದೆ ವೆಲ್ಡಿಂಗ್ ಮಾಡಿಸುವುದು ಪ್ರಾಣಾಪಾಯದ ಕೆಲಸ. ಈಗ ಬಂಕುಗಳಲ್ಲಿ ದೊರೆಯುವ, ಶೇ. 20ರವರೆಗೆ ಎಥನಾಲ್ ಬೆರೆಸಿದ ಪೆಟ್ರೋಲು ನೀರನ್ನು ಹೀರುವ ಗುಣವುಳ್ಳದ್ದು ಮತ್ತು ಹಳೆಯ ರಬ್ಬರನ್ನು ಹಾಳುಮಾಡಬಲ್ಲದು. ಆದ್ದರಿಂದ ಪೆಟ್ರೋಲ್ ಪೈಪು ಮತ್ತು ವಾಷರುಗಳನ್ನು ಹೊಸದಾಗಿ ಹಾಕಿಸಿ, ಗಾಡಿ ನಿಲ್ಲುವ ಕಾಲದಲ್ಲಿ ಟ್ಯಾಂಕನ್ನು ಬರಿದು ಮಾಡುವುದು ಲೇಸು. ಪೆಟ್ರೋಲಿಗೆ ಬೆರೆಸುವ ಆಯಿಲಿನ ಪ್ರಮಾಣವನ್ನು ಆಯಾ ಮಾದರಿಯ ಕೈಪಿಡಿಯಂತೆ ಪಾಲಿಸಬೇಕು.

ವಿದ್ಯುತ್ ಭಾಗದಲ್ಲಿ ಹಳೆಯ ಮಾದರಿಗಳದು 6 ವೋಲ್ಟಿನ ವ್ಯವಸ್ಥೆ. ಕಿಡಿಯನ್ನು ಹುಟ್ಟಿಸುವ ಪಾಯಿಂಟುಗಳ ಮೇಲೆ ಕಟ್ಟಿದ ಪದರವನ್ನು ನಯವಾದ ಎಮರಿ ಕಾಗದದಿಂದ ಉಜ್ಜಿ, ನಡುವಿನ ಅಂತರವನ್ನು ಸುಮಾರು 0.4 ಮಿಲಿಮೀಟರಿಗೆ ಹೊಂದಿಸಿದರೆ ಸತ್ತಂತಿದ್ದ ಪ್ಲಗ್ಗಿನಲ್ಲಿಯೂ ಸಾಮಾನ್ಯವಾಗಿ ಕಿಡಿ ಕಾಣುತ್ತದೆ. ಇಲಿ ಕಡಿದ ವೈರು, ಬಿರುಕುಬಿಟ್ಟ ಟೈರು, ಸವೆದ ಬ್ರೇಕ್ ಲೈನರ್ ಇವುಗಳಲ್ಲಿ ಉಳಿತಾಯದ ಪ್ರಶ್ನೆಯೇ ಇಲ್ಲ.

ಬಣ್ಣದ ವಿಷಯದಲ್ಲಿ ಮಾತ್ರ ತಡೆದು ಯೋಚಿಸಬೇಕು. ಹಳೆಯ ಮರೂನ್ ಬಣ್ಣವೂ ಟ್ಯಾಂಕಿನ ಕ್ರೋಮಿನ ಹಾಳೆಯೂ ಕಾರ್ಖಾನೆಯಲ್ಲಿ ಕೈಯಿಟ್ಟು ದುಡಿದವರ ಗುರುತುಗಳಾಗಿದ್ದು, ಅವು ಮಾಸಿದ್ದರೂ ಉಳಿಯಲು ಅರ್ಹವಾಗಿವೆ. ಒಮ್ಮೆ ಉಜ್ಜಿ ತೆಗೆದ ಮೇಲೆ ಅವನ್ನು ಯಾವ ಪೇಂಟ್ ಅಂಗಡಿಯೂ ಮರಳಿ ಕೊಡಲಾರದು. ಚೇಸಿಸ್ ಮತ್ತು ಎಂಜಿನ್ ನಂಬರುಗಳನ್ನು ಅಳಿಸುವಂತೆ ಗ್ರೈಂಡಿಂಗ್ ಮಾಡಿಸುವುದು ಇನ್ನೂ ದೊಡ್ಡ ತಪ್ಪು, ಏಕೆಂದರೆ 15 ವರ್ಷ ಮೀರಿದ ಗಾಡಿಯ ಆರ್‌ಸಿಯನ್ನು ಐದೈದು ವರ್ಷಕ್ಕೆ ನವೀಕರಿಸುವಾಗ ಆರ್‌ಟಿಒ ಕಚೇರಿಯಲ್ಲಿ ಮೊದಲು ತಾಳೆ ನೋಡುವುದು ಅವನ್ನೇ. 50 ವರ್ಷ ಮೀರಿ ಮೂಲರೂಪ ಉಳಿಸಿಕೊಂಡ ಗಾಡಿಗಳಿಗೆ 2021ರ ನಿಯಮಗಳಂತೆ ವಿಂಟೇಜ್ ನೋಂದಣಿಯೂ ದೊರೆಯುತ್ತದೆಯಾದರೂ, ಅಂತಹ ಗಾಡಿಯನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ.