ಜನಸೇವಕದ ಸಂಪಾದಕ ಸಂಸತ್ತಿಗೆ ಹೋದದ್ದು

ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿ ಸೀಮೆಯಲ್ಲಿ ಬೆಳಗಾಗುವುದು ಕಾಫಿ ಗಿಡಗಳ ಮೇಲಿನ ಮಂಜು ಕರಗಿದ ಮೇಲೆಯೇ. ಹೋಟೆಲಿನ ಬೆಂಚಿನ ಮೇಲೆ ಒಂದೇ ಪತ್ರಿಕೆಯ ಹಾಳೆಗಳು ನಾಲ್ವರ ಕೈಗೆ ಹಂಚಿಹೋಗಿರುತ್ತವೆ. ಮೊದಲು ಕಾಫಿ, ಮೆಣಸಿನ ಧಾರಣೆ; ಆಮೇಲೆ ಆನೆ ಯಾರ ತೋಟಕ್ಕೆ ಇಳಿದಿದೆ ಎಂಬ ಸುದ್ದಿ; ಕೊನೆಗೆ ರಾಜಕೀಯ. ಚುನಾವಣೆ ಹತ್ತಿರ ಬಂದಾಗ ಅಲ್ಲೊಂದು ಮಾತು ಏಳುವುದುಂಟು: ಪೇಪರಿನಲ್ಲಿ ಬರೆಯುವವನೇ ಓಟಿಗೆ ನಿಂತು ಗೆದ್ದರೆ, ಆಮೇಲೂ ಬರೆಯುತ್ತಾನಾ?

ಈ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ನೆನಪಾಗುವವರು ಅಂಕೋಲೆಯ ದಿನಕರ ದೇಸಾಯಿ. ಶಾಲೆಯಲ್ಲಿ ಅವರ ಚುಟುಕ ಬಾಯಿಪಾಠ ಮಾಡಿದವರು ನಮ್ಮಲ್ಲಿ ಸಾವಿರಾರು ಮಂದಿ. ಆದರೆ ಆ ಚುಟುಕಗಳ ಹಿಂದೆ ಒಂದು ವಾರಪತ್ರಿಕೆ ಇತ್ತು, ಆ ಪತ್ರಿಕೆಯ ಹಿಂದೆ ಗದ್ದೆಯ ಕೆಸರಿತ್ತು ಎಂಬುದನ್ನು ಪಾಠಪುಸ್ತಕ ಹೇಳಲಿಲ್ಲ.

ಘಟ್ಟ ಇಳಿದು ಅಂಕೋಲೆ ಮುಟ್ಟಿದರೆ ಕಾಣುವುದು ಬೇರೆಯೇ ನೆಲ. ಗಂಗಾವಳಿ ಕಡಲು ಸೇರುವ ಕಡೆ ಉಪ್ಪುನೀರು ಏರಿಳಿಯುವ ಗಜನಿ ಭೂಮಿ. ಅಲ್ಲಿ ಬೆಳೆಯುವುದು ಕಗ್ಗ, ನೀರು ನಿಂತರೂ ಉಪ್ಪು ತಾಗಿದರೂ ತಲೆ ಎತ್ತಿ ನಿಲ್ಲುವ ಭತ್ತ. ಕೊರಳ ತುಂಬ ಮಣಿಸರ ಹಾಕಿದ ಹಾಲಕ್ಕಿ ಹೆಂಗಸರು ಸೊಂಟ ಬಗ್ಗಿಸಿ ನಾಟಿ ಮಾಡುತ್ತಾರೆ. ಕಟ್ಟು ಒಡೆದರೆ ಒಂದೇ ಭರತಕ್ಕೆ ವರ್ಷದ ಅನ್ನ ಹೋಯಿತು. ಬೆಳೆ ಬಂದರೂ ಅದು ಮೊದಲು ಹೋಗುತ್ತಿದ್ದುದು ಒಡೆಯನ ಅಂಗಳಕ್ಕೆ. ಗೇಣಿ ಅಳೆದುಕೊಟ್ಟ ಮೇಲೆ ಉಳಿದದ್ದು ಒಕ್ಕಲಿನ ಪಾಲು.

1909ರ ಸೆಪ್ಟೆಂಬರ್ 10ರಂದು ಹುಟ್ಟಿದ ದೇಸಾಯಿ ಎಂ.ಎ., ಎಲ್ಎಲ್.ಬಿ. ಓದಿ ಗೋಪಾಲಕೃಷ್ಣ ಗೋಖಲೆಯವರು ಕಟ್ಟಿದ ಭಾರತ ಸೇವಕ ಸಮಾಜ ಸೇರಿದರು. ಮುಂಬಯಿಯಲ್ಲಿ ಹಡಗಿನ ಕೂಲಿಗಳ ನಡುವೆ ಕೆಲಸ ಮಾಡಿದರು. ಅವರ ಬವಣೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನೇ ಬರೆದರು. ಕೋಟು ಹಾಕಿ ಮುಂಬಯಿಯಲ್ಲೇ ವಕೀಲಿಕೆಗೆ ಕೂತಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಆದರೆ ಅವರು ಊರಿನ ಒಕ್ಕಲುಗಳನ್ನು ಸೇರಿಸಿ ರೈತಕೂಟ ಕಟ್ಟಿದರು. ಆಗ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಆಡಳಿತ ಕೊಟ್ಟ ಉತ್ತರ ಗಡಿಪಾರು: 1940ರಿಂದ 1945ರವರೆಗೆ ತನ್ನ ಜಿಲ್ಲೆಗೇ ಕಾಲಿಡುವಂತಿಲ್ಲ. ಮನೆಯವರ ಮುಖಕ್ಕಿಂತ ಗದ್ದೆಯ ಸುದ್ದಿಗೆ ಹಂಬಲಿಸಿದ ಐದು ವರ್ಷ ಅದು ಎಂದು ನನ್ನ ಊಹೆ. ಜಿಲ್ಲೆಗೆ ತನ್ನದೇ ಪತ್ರಿಕೆ ಬೇಕೆಂಬ ಹಟ ಅಲ್ಲೇ ಬೇರು ಬಿಟ್ಟಿರಬೇಕು.

1950ರ ದಶಕದಲ್ಲಿ 'ಜನಸೇವಕ' ವಾರಪತ್ರಿಕೆ ಹೊರಟಿತು. ಆ ಕಾಲದ ತಾಲ್ಲೂಕು ಪತ್ರಿಕೆಯೆಂದರೆ ಏನೆಂದು ಇಂದಿನವರಿಗೆ ತಿಳಿಯಲಿಕ್ಕಿಲ್ಲ. ಮೊಳೆ ಜೋಡಿಸುವವನು ಖಾನೆಖಾನೆಗಳ ಮರದ ಪೆಟ್ಟಿಗೆಯ ಮುಂದೆ ನಿಂತು ಒಂದೊಂದೇ ಅಕ್ಷರ ಆರಿಸಬೇಕು. ಒತ್ತಕ್ಷರಕ್ಕೆ ಬೇರೆ ಮೊಳೆ, ದೀರ್ಘಕ್ಕೆ ಬೇರೆ ಮೊಳೆ. ಪದ ಜಾಸ್ತಿಯಾದಷ್ಟೂ ಕೈ ಸೋಲುತ್ತದೆ. ಅಂಥ ಪತ್ರಿಕೆಗೆ ನಾಲ್ಕು ಸಾಲಿನ ಚುಟುಕ ಹೇಳಿ ಮಾಡಿಸಿದ ಸಾಮಾನು. ಪುಟದಲ್ಲಿ ಅಂಗೈಯಗಲ ಜಾಗ ಸಾಕು, ಒಮ್ಮೆ ಓದಿಸಿಕೊಂಡ ಅನಕ್ಷರಸ್ಥನೂ ಅದನ್ನು ಸಂತೆಗೆ ಒಯ್ಯುತ್ತಾನೆ. ಮಂತ್ರಿಯ ಭಾಷಣ, ಲಂಚ, ರೇಶನ್, ಬಾರದ ರಸ್ತೆ ಎಲ್ಲ ಅದರೊಳಗೆ ಬಂದವು. ವಿಮರ್ಶಕರು ಚುಟುಕವನ್ನು ಹಗುರ ಕಾವ್ಯವೆಂದು ಬದಿಗಿಟ್ಟದ್ದು ಅನ್ಯಾಯ. ಅದು ಸಂಪಾದಕೀಯ, ಪ್ರಾಸ ಅದರ ಕಾಲು.

ಬರೆದು ಸುಮ್ಮನಾಗುವ ಜಾತಿಯಲ್ಲ ಅವರದು. 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಸ್ಥಾಪಿಸಿದರು. ಶಿರಾಲಿ, ದಾಂಡೇಲಿ ಮೊದಲಾದ ಕಡೆ ಜನತಾ ವಿದ್ಯಾಲಯಗಳು ಎದ್ದವು. ಗೋಖಲೆಯವರು ಹುಟ್ಟಿ ನೂರು ವರ್ಷ ತುಂಬಿದ 1966ರಲ್ಲಿ ಅಂಕೋಲೆಯಲ್ಲಿ ಅವರ ಹೆಸರಿನ ಕಾಲೇಜು ಬಂತು. ಗೇಣಿ ಅಳೆದವರ ಮಕ್ಕಳು ಬಿ.ಎ. ಮಾಡಿದ್ದು ಹೀಗೆ.

ಮರುವರ್ಷ, 1967ರಲ್ಲಿ, ಪಕ್ಷದ ಹಂಗಿಲ್ಲದೆ ಕೆನರಾ ಕ್ಷೇತ್ರದಿಂದ ಲೋಕಸಭೆಗೆ ಗೆದ್ದರು. ಆ ಕ್ಷೇತ್ರಕ್ಕೆ ಪತ್ರಕರ್ತರು ಹೊಸಬರಲ್ಲ. ಅದಕ್ಕೂ ಮೊದಲು ಸತತ ಮೂರು ಅವಧಿ ಅಲ್ಲಿನ ಸಂಸದರಾಗಿದ್ದ ಜೋಕಿಂ ಆಳ್ವ ಮುಂಬಯಿಯಲ್ಲಿ 'ಫೋರಂ' ವಾರಪತ್ರಿಕೆ ನಡೆಸಿದವರು. ಆದರೆ ಆಳ್ವರ ಪತ್ರಿಕೆ ದೇಶದ ಓದುಬಲ್ಲವರಿಗೆ. ದೇಸಾಯಿಯವರದು ಓದಿಸಿಕೊಂಡು ಕೇಳುವವರಿಗೆ. ಸಂಸದರಾದ ಮೇಲೂ 'ಜನಸೇವಕ' ನಿಲ್ಲಲಿಲ್ಲ, ಚುಟುಕವೂ ನಿಲ್ಲಲಿಲ್ಲ. ದೊಡ್ಡವರನ್ನು ಚುಚ್ಚುತ್ತಿದ್ದ ಲೇಖನಿ ತಾನೇ ದೊಡ್ಡವರ ಸಾಲಿನಲ್ಲಿ ಕೂತಾಗ ಮೊಂಡಾಗುವುದೇ ಹೆಚ್ಚು, ಇಲ್ಲಿ ಹಾಗಾಗಲಿಲ್ಲ. ಬೆಂಚಿನ ಮೇಲಿನ ಪ್ರಶ್ನೆಗೆ ನನಗೆ ಗೊತ್ತಿರುವ ಗಟ್ಟಿ ಉತ್ತರ ಇದೇ.

1970ರ ಕೊನೆಗೆ ಲೋಕಸಭೆ ವಿಸರ್ಜನೆಯಾಗಿ ಅವರ ಒಂದೇ ಅವಧಿ ಮುಗಿಯಿತು. ಅವರು ಸಂಘಟಿಸಿದ ಒಕ್ಕಲುಗಳ ಪಾಲಿಗೆ ಉಳುವವನೇ ನೆಲದೊಡೆಯ ಎಂಬ ಮಾತು ಮುಂದೆ ಮುಖ್ಯಮಂತ್ರಿ ದೇವರಾಜ ಅರಸರ ಕಾಲದಲ್ಲಿ ಕಾನೂನಾಯಿತು. 1974ರ ಮಾರ್ಚ್ 1ರಂದು ಗೇಣಿ ಭೂಮಿ ಸರ್ಕಾರಕ್ಕೆ ಸೇರಿತು. ಕರಾವಳಿಯ ಒಕ್ಕಲು ಅರ್ಜಿ ಹಿಡಿದು ಸಾಲುಗಟ್ಟಿತು. ನಮ್ಮ ಮಲೆನಾಡಿನ ಗದ್ದೆಗಳಿಗೂ ಆ ಕಾಯ್ದೆ ಬಂತು. ಕಾಫಿ, ಏಲಕ್ಕಿ, ಮೆಣಸಿನ ತೋಟಗಳಿಗೆ ಮಾತ್ರ ಅದರ ಭೂಮಿತಿ ತಾಗಲಿಲ್ಲ. ತೋಟದ ಕೂಲಿಗಳ ಲೈನ್ ಮನೆಯಲ್ಲಿ ಹುಟ್ಟಿ ಅಲ್ಲೇ ಮುದುಕರಾದವರಿಗೆ ಒಂದು 'ಜನಸೇವಕ' ಸಿಕ್ಕಿದ್ದರೆ ಏನಾಗುತ್ತಿತ್ತೋ ಎಂದು ಎಷ್ಟೋ ಸಲ ಅನ್ನಿಸಿದೆ.

1982ರ ನವೆಂಬರ್ 6ರಂದು ದೇಸಾಯಿ ತೀರಿಕೊಂಡರು. ಅವರ ಚುಟುಕಗಳು ಪುಸ್ತಕವಾಗಿ ಉಳಿದವು. ಆದರೆ ತಾಲ್ಲೂಕು ಪತ್ರಿಕೆಗಳ ಕಥೆ ಹಾಗಲ್ಲ. ಕಾಗದ ಕಳಪೆ, ಪ್ರತಿ ಕಡಿಮೆ, ಇಟ್ಟುಕೊಂಡವರು ಇನ್ನೂ ಕಡಿಮೆ. ಅಂಕೋಲೆಯದಿರಲಿ, ಬೇಲೂರು, ಅರಸೀಕೆರೆಯದಿರಲಿ, ನಿಮ್ಮ ಮನೆಯ ಅಟ್ಟದಲ್ಲಿ ಅಂಥ ಹಳೆಯ ವಾರಪತ್ರಿಕೆಯ ಕಟ್ಟೊಂದಿದ್ದರೆ ರದ್ದಿಗೆ ಹಾಕಬೇಡಿ. ಹತ್ತಿರದ ಕಾಲೇಜಿನ ಗ್ರಂಥಾಲಯಕ್ಕೆ ಕೊಟ್ಟುಬಿಡಿ.