ಮಾಸು ಕಳುಹುವ ಓಲೆ

ಹೆರಿಗೆಯಾದ ಮನೆಯಲ್ಲಿ ಎಲ್ಲರ ಕಣ್ಣೂ ಕೂಸಿನ ಮೇಲೆ. ಅದರ ಬೆನ್ನಿಗೇ ಹೊರಬೀಳುವ ಮಾಸನ್ನು ಕೇಳುವವರಾರು? 'ಕಸ ಬಿದ್ದಿತೆ?' ಎಂದು ಹಿರಿಯರೊಬ್ಬರು ವಿಚಾರಿಸಿದರೆ ಅಲ್ಲಿಗೆ ಮುಗಿಯಿತು. ಸುಮಾರು ಅರ್ಧ ಕಿಲೋ ತೂಗುವ ಈ 'ಕಸ' ಒಂಬತ್ತು ತಿಂಗಳು ಮಾಡಿದ ಕೆಲಸವನ್ನು ಅರಿತವರು ಅದನ್ನು ಹಾಗೆ ಕರೆಯಲು ಹಿಂಜರಿದಾರು.

ಮಾಸು ತಾಯಿಯ ಅಂಗವೆಂಬುದು ಅನೇಕರ ಎಣಿಕೆ. ನಿಜವಾಗಿ ಅದರ ಬಹುಭಾಗ ಬೆಳೆಯುವುದು, ಕೂಸು ಮೂಡಿದ ಆ ಫಲಿತ ಅಂಡದಿಂದಲೇ. ಸುಮಾರು ಒಂದು ವಾರದಲ್ಲಿ ಅದು ಗರ್ಭಕೋಶದ ಗೋಡೆಗೆ ನಾಟಿಕೊಳ್ಳುತ್ತದೆ. ಆಗ ಅದರ ಗಾತ್ರ ಸಾಸಿವೆಕಾಳಿಗಿಂತಲೂ ಕಿರಿದು. ತಾನು ಬಂದಿರುವ ಸುದ್ದಿ ತಾಯಿಯ ಮೈಗೆ ಮುಟ್ಟದಿದ್ದರೆ ಅದಕ್ಕೆ ಉಳಿಗಾಲವಿಲ್ಲ. ಗರ್ಭಕೋಶದ ಒಳಪದರವು ತಿಂಗಳ ಮುಟ್ಟಿನೊಡನೆ ಕಳಚಿಹೋಗುತ್ತದೆ. ಆದುದರಿಂದ, ಮುಂದೆ ಮಾಸಾಗಲಿರುವ ಹೊರಗಿನ ಜೀವಕೋಶಗಳು ಎಚ್.ಸಿ.ಜಿ. ಎಂಬ ಹಾರ್ಮೋನನ್ನು ತಾಯಿಯ ರಕ್ತಕ್ಕೆ ಬಿಡುತ್ತವೆ. ಅಂಡಾಶಯಕ್ಕೆ ತಲುಪುವ ಆ ಓಲೆಯ ಒಕ್ಕಣೆ ಇಷ್ಟೆ: 'ಪ್ರೊಜೆಸ್ಟರಾನ್ ತಯಾರಿಕೆಯನ್ನು ನಿಲ್ಲಿಸಬೇಡ.' ಎರಡು ಮೂರು ತಿಂಗಳಲ್ಲಿ ಮಾಸು ಬಲಿತು ಆ ಕೆಲಸವನ್ನು ತಾನೇ ವಹಿಸಿಕೊಳ್ಳುತ್ತದೆ.

ಈ ಓಲೆಯನ್ನು ನಡುದಾರಿಯಲ್ಲಿ ಹಿಡಿದು ಓದುವ ಉಪಾಯವನ್ನು 1928ರಲ್ಲಿ ಬರ್ಲಿನ್ನಿನ ಆಶ್‌ಹೈಮ್ ಮತ್ತು ಜೋಂಡೆಕ್ ಎಂಬ ವಿಜ್ಞಾನಿಗಳು ಲೋಕದ ಮುಂದಿಟ್ಟರು. ಬಸುರಿಯ ಮೂತ್ರವನ್ನು ಎಳೆಯ ಹೆಣ್ಣಿಲಿಗಳಿಗೆ ಚುಚ್ಚಿ, ಕೆಲವು ದಿನಗಳ ತರುವಾಯ ಅವುಗಳನ್ನು ಕೊಯ್ದು, ಅಂಡಾಶಯದಲ್ಲಾದ ಮಾರ್ಪಾಟಿನಿಂದ ಬಸಿರನ್ನು ಗುರುತಿಸುತ್ತಿದ್ದರು. ಪಾಪ, ಒಬ್ಬಳ ಸಂತಸದ ಸುದ್ದಿಗೆ ನಾಲ್ಕಾರು ಇಲಿಗಳ ಬಲಿ! ಇಂದು ಔಷಧದಂಗಡಿಯ ಪುಟ್ಟ ಪಟ್ಟಿಯೊಂದು ಅದೇ ಹಾರ್ಮೋನನ್ನು ನಿಮಿಷಗಳಲ್ಲಿ ತೋರಿಸುತ್ತದೆ.

ಮಾಸಿನ ಓಲೆಗಳೆಲ್ಲವೂ ತಾಯಿಗೆ ಹಿತವಲ್ಲ. ಅದರ ಕೆಲವು ಹಾರ್ಮೋನುಗಳು ತಾಯಿಯ ಇನ್ಸುಲಿನ್ನಿನ ಬಿಗಿಯನ್ನು ಸಡಿಲಿಸಿ, ರಕ್ತದ ಸಕ್ಕರೆ ಕೂಸಿಗೆ ಹೆಚ್ಚಾಗಿ ಒದಗುವಂತೆ ಮಾಡುತ್ತವೆ. ಕೆಲವರಲ್ಲಿ ಇದೇ ಬಸಿರಿನ ಸಕ್ಕರೆ ಕಾಯಿಲೆಗೆ ದಾರಿಯಾಗುತ್ತದೆ.

ಇನ್ನು ವಾಂತಿ. 'ನಾವೇನು ಹೆರಲಿಲ್ಲವೆ? ಇಷ್ಟು ನಾಜೂಕು ಆಗಿನ ಕಾಲದಲ್ಲಿರಲಿಲ್ಲ' ಎಂಬ ಅತ್ತೆಯ ಮಾತಿಗೆ ಉತ್ತರಿಸಲಾರದೆ ಬಚ್ಚಲಿಗೆ ಓಡಿದ ಸೊಸೆಯರೆಷ್ಟೋ! ಜಿ.ಡಿ.ಎಫ್. 15 ಎಂಬ ಪ್ರೋಟೀನು ಇದರಲ್ಲಿ ಮುಖ್ಯ ಪಾತ್ರ ವಹಿಸುತ್ತದೆಂದು 2023ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ಬಸುರಿಯ ರಕ್ತದಲ್ಲಿ ಇದರ ಹೆಚ್ಚಿನಂಶ ಬರುವುದು ಮಾಸು ಮತ್ತು ಭ್ರೂಣದ ಕಡೆಯಿಂದ. ಮಿದುಳಿನ ಬುಡವನ್ನು ಮುಟ್ಟಿ ಇದು ಓಕರಿಕೆ ಎಬ್ಬಿಸುತ್ತದೆ. ಬಸಿರಿಗೆ ಮೊದಲೇ ಇದರ ಪ್ರಮಾಣ ಹೆಚ್ಚಾಗಿದ್ದವರ ಮೈ ಅದಕ್ಕೆ ಒಗ್ಗಿರುತ್ತದೆ. ಕಡಿಮೆಯಿದ್ದವರ ಪಾಡು ಕಷ್ಟ. ಅತ್ತೆ ಸುಖವಾಗಿ ಉಂಡು ತಿರುಗಾಡಿದ ತಿಂಗಳುಗಳಲ್ಲಿ ಸೊಸೆಗೆ ಗುಟುಕು ನೀರೂ ನಿಲ್ಲದಿರಬಹುದು. ಹಾಗಾದಾಗ ಆಕೆಯನ್ನು ಕರೆದೊಯ್ಯಬೇಕಾದುದು ವೈದ್ಯರಲ್ಲಿಗೆ.